ಯಾರದೋ ಮನೆ ಮಗು

ಕೊಪ್ಪ
21-4-2025

ಮಗಳೇ ಅರ್ಪಣಾ,

ಮೈಕ್ ಹಿಡಿದು ಮಾತಾಡು ಎಂದರೆ ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಮಾತಾಡಿಯೇನು. ಕಾಗದ ಬರೆ ಎಂದರೆ ಹಾಳೆ ಹರಿದೂ ಹರಿದೂ ಕಸದ ಬುಟ್ಟಿ ತುಂಬಿಸಿದ್ದೇನೆ. ಏನು ಮಾಡಲಿ, ನೀನು ಫೋನನ್ನು ಇಲ್ಲೇ ಮಂಚದ ಮೇಲೆ ಬಿಟ್ಟು ಹೋಗಿದ್ದೀಯ. ಎನ್.ಆರ್.ಪುರಕ್ಕೆ ಅತ್ತೆಯ ಫೋನಿಗೆ ಮಾಡಿದರೆ ಅವಳು, "ಫೋನ್ ಅಂದ್ರೆ ದೂರ ಸರೀತಾಳೆ ಕಣೋ, ಹೇಳೋದಿದ್ರೆ ಬರ್ದು ಹಾಕು" ಎಂದು ಇಟ್ಟೇಬಿಟ್ಟಳು. ಬೇರೆ ಹಾಳೆ ಸಿಗದೆ ಅಂಗಡಿಯ ಲೆಟರ್‌ಹೆಡ್ಡಿನಲ್ಲೇ ಬರೆಯುತ್ತಿದ್ದೇನೆ. ಮೇಲೆ ಅಚ್ಚಾಗಿರುವ 'ಸಕಲ ಶುಭ ಸಮಾರಂಭಗಳಿಗೆ' ಎಂಬುದನ್ನು ಓದಬೇಡ.

ಹೋದ ಬುಧವಾರ ಆದದ್ದರ ಬಗ್ಗೆ ಹೇಳುತ್ತೇನೆ. ಅದು ಪೂರಾ ತಾಂತ್ರಿಕ ತೊಂದರೆ. ನಿನಗೆ ಕೊಟ್ಟ ಫೋನು ಮೊದಲು ನನ್ನದಲ್ಲವೇ? ಅಂಗಡಿಯ ದೊಡ್ಡ ಸ್ಪೀಕರ್ ಬಾಕ್ಸಿನ ಗುರುತು ಅದರ ಬ್ಲೂಟೂತಿನಲ್ಲಿ ಹಾಗೇ ಉಳಿದಿತ್ತು. ನೀನು ಮಹಡಿಯ ಮೇಲೆ ಫೋನಿನಲ್ಲಿ ಶರ್ಮಿಳಾ ಮೇಡಂ ಮುಂದೆ ಕೂತಿದ್ದ ಹೊತ್ತಿಗೇ ಕೆಳಗೆ ಅಂಗಡಿಯಲ್ಲಿ ನಮ್ಮ ಬಸವೇಶ ಬಾಕ್ಸ್ ಪರೀಕ್ಷೆ ಮಾಡಲು ಆನ್ ಮಾಡಿದ. ಫೋನು ಹಳೇ ಸ್ನೇಹಿತನನ್ನು ಕಂಡವರ ಹಾಗೆ ಓಡಿಹೋಗಿ ಅದಕ್ಕೆ ಅಂಟಿಕೊಂಡಿತು. ಮೈಸೂರಿನಲ್ಲಿ ಕೂತು ನಿನ್ನೊಂದಿಗೆ ಮಾತಾಡುತ್ತಿದ್ದ ಮೇಡಂ ಧ್ವನಿ ನಿನಗೆ ಕೇಳಿಸುವ ಬದಲು ನನ್ನ ಅಂಗಡಿಯ ಬಾಗಿಲಲ್ಲಿ ಕೇಳಿಸಿತು. ಇಷ್ಟೇ ಆದದ್ದು. ಬಸವೇಶನಿಗೆ ಬೈದಿದ್ದೇನೆ. ಫೋನಿನಿಂದ ಬಾಕ್ಸಿನ ಹೆಸರನ್ನು ಅಳಿಸಿದ್ದೇನೆ.

ಇನ್ನೊಂದು ವಿಷಯ ಯೋಚನೆ ಮಾಡು. ಬಂದದ್ದು ಮೇಡಂ ಮಾತು ಮಾತ್ರ. ನೀನು ಅವರಿಗೆ ಹೇಳುವುದನ್ನೆಲ್ಲ ಟೈಪ್ ಮಾಡುತ್ತೀಯ, ಅದು ಬಾಕ್ಸಿನಲ್ಲಿ ಬರುವುದಿಲ್ಲ. ಅರ್ಧ ಸಂಭಾಷಣೆ ಕೇಳಿ ಯಾರಿಗೆ ಎಂತ ಅರ್ಥವಾಗುತ್ತದೆ? ಇದ್ದವರಾದರೂ ಯಾರು? ಬಸವೇಶ, ಮೊಮ್ಮಗಳ ನಾಮಕರಣಕ್ಕೆ ಮೈಕ್ ಗೊತ್ತು ಮಾಡಲು ಬಂದಿದ್ದ ಜೀನಸಿ ಅಂಗಡಿ ಕಲ್ಲೇಶಪ್ಪನವರು, ಬಸ್ಸಿಗೆ ಕಾಯುತ್ತ ನೆರಳಿಗೆ ನಿಂತವರು ಒಂದಿಬ್ಬರು. ಆ ಹೊತ್ತಿಗೆ ಏನು ಹೇಳಬೇಕೋ ಅದನ್ನು ಹೇಳಿ ನಾನು ಸಂಭಾಳಿಸಿದೆ. ಮಾತಿನಲ್ಲಿ ಸಂಭಾಳಿಸಲು ನಿನ್ನಪ್ಪನಿಗೆ ಯಾರೂ ಕಲಿಸಬೇಕಾಗಿಲ್ಲ. ಬೀದಿಯವರು ಕೇಳಿದರೆ ರಜೆಗೆ ಅತ್ತೆ ಮನೆಗೆ ಹೋಗಿದ್ದಾಳೆ ಎಂದಿದ್ದೇನೆ.

ನಿನ್ನ ಆ ವಿಷಯ ಹೊರಗೆ ಬರದ ಹಾಗೆ ನಾನು ನೋಡಿಕೊಳ್ಳುತ್ತೇನೆ. ನೀನು ಮಾತ್ರ ಮೇಡಂ ಜೊತೆ ಕೂರುವುದನ್ನು ನಿಲ್ಲಿಸಬೇಡ. ಶಾಲೆಯ ಬೆಲ್ಲು, ಪ್ರಾರ್ಥನೆಯ ಮೈಕು ಎಂದರೆ ಉಸಿರು ಕಟ್ಟಿ ಜನವರಿಯಿಂದ ಮನೆಯಲ್ಲೇ ಉಳಿದವಳು ನೀನು. ಶಿವಮೊಗ್ಗದ ಡಾಕ್ಟರಿಗೆ ತೋರಿಸಲು ಕರೆದೊಯ್ದಾಗ ತೀರ್ಥಹಳ್ಳಿಯಲ್ಲೇ ಬಸ್ಸಿನಿಂದ ಇಳಿದು ವಾಪಸು ಬಂದವರು ನಾವು. ನಿನ್ನಮ್ಮ ಎಲ್ಲೆಲ್ಲೋ ವಿಚಾರಿಸಿ, ಫೋನಿನಲ್ಲೇ ಚಿಕಿತ್ಸೆ ಕೊಡುವ ಈ ಮೇಡಂ ಅವರನ್ನು ಹುಡುಕಿದಳು. ಮಾರ್ಚ್ ಹೊತ್ತಿಗೆ ನೀನು ಶಾಲೆಯ ಗೇಟಿನವರೆಗೆ ನಡೆದು ಹೋಗಿ ಬಂದಿದ್ದೆ. ಈಗ ಬಿಟ್ಟರೆ ಹತ್ತನೇ ತರಗತಿ ಕೈ ತಪ್ಪುತ್ತದೆ. ನಿನ್ನ ಬುಧವಾರವನ್ನು ಮೇ ಕೊನೆಯವರೆಗೆ ಯಾರಿಗೂ ಕೊಡುವುದಿಲ್ಲ ಎಂದು ಮೇಡಂ ಹೇಳಿದ್ದಾರೆ.

ಒಂದು ಸಣ್ಣ ಬ್ಲೂಟೂತಿಗೆ ಇಷ್ಟು ದೊಡ್ಡ ಕೋಪ ಬೇಡ.

ಇಂತಿ,
ದೇವರಾಜ
ದೇವರಾಜ ಸೌಂಡ್ಸ್, ಕೊಪ್ಪ

•

ನರಸಿಂಹರಾಜಪುರ
28-4-2025

ಅಪ್ಪನಿಗೆ,

ನಿಮ್ಮ ಕಾಗದ ಬಂತು. 'ಸಕಲ ಶುಭ ಸಮಾರಂಭಗಳಿಗೆ' ಎಂಬುದನ್ನು ಓದಿದೆ. ಓದಬೇಡ ಎಂದು ಬರೆದದ್ದು ಅದರ ಕೆಳಗಿತ್ತು. ಅಷ್ಟರಲ್ಲಿ ಓದಿ ಆಗಿತ್ತು.

'ನಿನ್ನ ಆ ವಿಷಯ' ಎಂದು ಬರೆದಿದ್ದೀರಿ. ಅದಕ್ಕೆ ಹೆಸರಿದೆ. ಆಟಿಸಂ. ಮೇಡಂ ಅದನ್ನು ವಾಸಿ ಮಾಡುತ್ತಿಲ್ಲ, ಅದು ವಾಸಿ ಮಾಡುವಂಥದ್ದಲ್ಲ. ಅವರು ಕಡಿಮೆ ಮಾಡಲು ಸಹಾಯ ಮಾಡುತ್ತಿರುವುದು ನನ್ನ ಆತಂಕವನ್ನು. ಎರಡೂ ಬೇರೆ ಬೇರೆ. ಇದನ್ನು ನಿಮಗೆ ಮೊದಲೂ ಹೇಳಿದ್ದೆ. ಆಗ ನೀವು ಫೋನಿನಲ್ಲಿದ್ದಿರಿ.

ನನಗೆ ಬ್ಲೂಟೂತಿನ ಮೇಲೆ ಕೋಪ ಇಲ್ಲ. ಆ ದಿನ ಏನಾಯಿತು ಎಂದು ನೀವು ಬರೆದದ್ದರಲ್ಲಿ ಕೆಳಗಿನದು ಮಾತ್ರ ಇದೆ. ಮೇಲಿನದನ್ನು ನಾನು ಬರೆಯುತ್ತೇನೆ.

ಮೇಡಂ ಬಾಯಿ ಫೋನಿನಲ್ಲಿ ಅಲ್ಲಾಡುತ್ತಿತ್ತು. ಅವರ ಧ್ವನಿ ಬೀದಿಯಿಂದ ಬರುತ್ತಿತ್ತು. ಮೊದಲು ನನಗೆ ತಲೆ ಕೆಟ್ಟಿತು ಎಂದುಕೊಂಡೆ. ನಾನು ನನ್ನ ಭಯವನ್ನು ಅವರಿಗೆ ನಂಬರಿನಲ್ಲಿ ಹೇಳುತ್ತೇನೆ. ಅದಕ್ಕೆ ನಿಮ್ಮ ಆಂಪ್ಲಿಫೈಯರಿನ ವಾಲ್ಯೂಮ್ ಗುಂಡಿಯ ಚಿತ್ರ ಬರೆದು ಅವರಿಗೆ ಕಳಿಸಿದ್ದೆ. ಸೊನ್ನೆಯಿಂದ ಹತ್ತರವರೆಗೆ. ಅವರು ಕೇಳಿದರು, "ಅಪ್ಪ ಕೆಳಗಿನಿಂದ ಕೂಗಿ ಕರೆದಾಗ ಗುಂಡಿ ಒಂಬತ್ತಕ್ಕೆ ಹೋಗುತ್ತೆ ಅಂದೆಯಲ್ಲ, ಆಗ ಹೊಟ್ಟೆಯಲ್ಲಿ ಏನಾಗುತ್ತೆ?" ಅದು ಬೀದಿಗೆಲ್ಲ ಕೇಳಿಸಿತು. ಬೀದಿಯಲ್ಲಿ ಬಂದದ್ದು ಕೇಳಿ ನಾನು ಮೆಟ್ಟಿಲಿಗೆ ಬಂದೆ.

ಮೆಟ್ಟಿಲ ತಿರುವಿನಿಂದ ನೀವು ಕಾಣಿಸುತ್ತಿದ್ದಿರಿ. ಬಾಕ್ಸಿನ ಪಕ್ಕದಲ್ಲೇ ನಿಂತಿದ್ದಿರಿ. ನಿಮ್ಮ ಕೈ ಬಾಕ್ಸಿನ ಮೇಲೆ ಇತ್ತು. ಸ್ವಿಚ್ ಅದರ ಹಿಂದೆ ಇರುವುದು. ನೀವು ನಗುತ್ತಾ ಕಲ್ಲೇಶಪ್ಪನವರಿಗೆ ಹೇಳಿದಿರಿ, "ಎಂತದೋ ರೇಡಿಯೋ ಪ್ರೋಗ್ರಾಂ ಮಾರಾಯ್ರೆ. ಈಗಿನ ಕಾಲದ್ದು. ಯಾರದೋ ಮನೆ ಮಗು, ಪಾಪ." ಆಮೇಲೆ ಅದನ್ನು ಹಾಗೇ ಓಡಲು ಬಿಟ್ಟಿರಿ. ನಾನು ಉತ್ತರ ಕೊಡದೇ ಇದ್ದದ್ದಕ್ಕೆ ಮೇಡಂ ಮತ್ತೆ ಮತ್ತೆ ಕೇಳುತ್ತಿದ್ದರು. ನೀವು, "ನೋಡಿ, ಎಷ್ಟು ತಾಳ್ಮೆ ಅವರಿಗೆ" ಎಂದಿರಿ. ನಾನು ಮೇಲೆ ಹೋಗಿ ಫೋನ್ ಆಫ್ ಮಾಡಿದೆ.

ನನ್ನ ಪ್ರಶ್ನೆ ಇದು. ನೀವು ಸ್ವಿಚ್ ಯಾಕೆ ಒತ್ತಲಿಲ್ಲ? ಇದು ಬೈಯುವುದಕ್ಕೆ ಕೇಳಿದ ಪ್ರಶ್ನೆ ಅಲ್ಲ. ನನಗೆ ಉತ್ತರ ಬೇಕು.

ಅಮ್ಮ ಅವತ್ತು ಸೊಸೈಟಿ ಕೆಲಸಕ್ಕೆ ಶೃಂಗೇರಿಗೆ ಹೋಗಿದ್ದಳು. ಅವಳಿಗೆ ನಾನು ಧ್ವನಿ ಕೆಳಗೆ ಬಂದದ್ದನ್ನು ಮಾತ್ರ ಹೇಳಿದ್ದೇನೆ. 'ಯಾರದೋ ಮನೆ ಮಗು' ಎಂದದ್ದನ್ನು ಹೇಳಿಲ್ಲ. ಅದನ್ನು ಅಂದವರು ನೀವು, ಹಾಗಾಗಿ ನೀವೇ ಹೇಳಬೇಕು.

ಇಲ್ಲಿ ಅತ್ತೆ ಸೀರೆಗಳಿಗೆ ಫಾಲ್ಸ್ ಹೊಲಿಯುತ್ತಾರೆ, ಕೈಯಲ್ಲೇ. ಸೂಜಿಗೆ ಶಬ್ದವಿಲ್ಲ. ನಾನು ದಾರ ಪೋಣಿಸಿ ಕೊಡುತ್ತೇನೆ.

ಅರ್ಪಣಾ

•

ಕೊಪ್ಪ
3-5-2025

ಮಗಳೇ,

ನೀನು ಕೇಳಿದ್ದನ್ನು ಓದಿದೆ. ಗಡಿಬಿಡಿಯಲ್ಲಿ ಮನುಷ್ಯನಿಗೆ ಸ್ವಿಚ್ ಎಲ್ಲಿ, ಗೋಡೆ ಎಲ್ಲಿ ಎಂದು ತಿಳಿಯುವುದಿಲ್ಲ. ಎದುರಿಗೆ ಗಿರಾಕಿ ಇದ್ದಾರೆ, ಬಾಕ್ಸ್ ಕಿರುಚುತ್ತಿದೆ, ಬಾಯಿಗೆ ಬಂದದ್ದನ್ನು ಹೇಳಿದೆ. ಬಾಯಿಗೆ ಬಂದದ್ದಕ್ಕೆಲ್ಲ ಅರ್ಥ ಹುಡುಕುತ್ತಾ ಹೋದರೆ ನನ್ನಂಥವನು ಬದುಕುವುದುಂಟಾ?

ಅಮ್ಮನಿಗೆ ಹೇಳುತ್ತೇನೆ. ಸಮಯ ನೋಡಿ ಹೇಳಬೇಕು.

ನಿನಗೊಂದು ಮಾತು ತಿಳಿಸುತ್ತೇನೆ. ಆವಾಗ ನಾನು ಯಾಕೆ ಹೆದರಿದೆ ಎಂಬುದು ನಿನಗೂ ಅರ್ಥವಾದೀತು. ಕಲ್ಲೇಶಪ್ಪನವರು ನಾಮಕರಣದ ಮೈಕನ್ನು ನನ್ನಿಂದ ಬಿಡಿಸಿ ಶೃಂಗೇರಿಯ ಯಾರಿಗೋ ಕೊಟ್ಟಿದ್ದಾರೆ. ಅವರ ಮನೆಯ ಮೂರು ಮದುವೆ, ಎರಡು ಗೃಹಪ್ರವೇಶಕ್ಕೆ ಹೆಸರು ಕೂಗಿದವನು ನಾನು. ಬಂದ ನೆಂಟರನ್ನೆಲ್ಲ ಚೀಟಿ ನೋಡದೆ, ಊರು ಸಮೇತ ಹೆಸರು ಹಿಡಿದು ಸ್ವಾಗತಿಸುತ್ತಿದ್ದೆ. ಅಂಥವರು ಬೇರೆಯವರನ್ನು ಕರೆಯಬೇಕಾದರೆ ಏನೋ ಗೊತ್ತಾಗಿದೆ, ನಮ್ಮ ಮನೆಯ ಬಗ್ಗೆ ಏನೋ ಆಡಿಕೊಂಡಿದ್ದಾರೆ. ಇದಕ್ಕೇ ನಾನು ಹೆದರಿದ್ದು ಮಾರಾಯ್ತಿ.

ಆದರೆ ಈಗ ನನಗೂ ಹಟ ಬಂದಿದೆ. ನಿನಗೆ ಬೇಜಾರಾಗಿದ್ದು 'ಯಾರದೋ' ಎಂದದ್ದಕ್ಕೆ ತಾನೇ? ಹನ್ನೊಂದನೇ ತಾರೀಕು ಭಾನುವಾರ ಇಲ್ಲಿ ವಾಲಿಬಾಲ್ ಪಂದ್ಯ ಇದೆ. ಮೈಕ್ ನನ್ನದೇ. ಬಹುಮಾನ ಕೊಡುವ ಹೊತ್ತಿಗೆ ಇಡೀ ಕೊಪ್ಪ ಅಲ್ಲಿರುತ್ತದೆ. ಆಗ ಮೈಕ್ ತೆಗೆದುಕೊಂಡು, ಅರ್ಪಣಾ ನನ್ನ ಮಗಳು, ಅವಳಿಗೆ ಹೀಗೆ ಹೀಗಿದೆ, ಮೈಸೂರಿನ ಮೇಡಂ ಹತ್ತಿರ ಫೋನಿನಲ್ಲಿ ಚಿಕಿತ್ಸೆ ನಡೆಯುತ್ತಿದೆ, ಇದರಲ್ಲಿ ಮುಚ್ಚಿಡುವುದು ಏನೂ ಇಲ್ಲ ಎಂದು ಎಲ್ಲರೆದುರು ಹೇಳಿಬಿಡುತ್ತೇನೆ. ಒಂದು ಕಡೆ ಕಳೆದದ್ದಕ್ಕೆ ಹತ್ತು ಕಡೆ ಕೂಡಿಸಿದ ಹಾಗಾಯಿತು. ಚಪ್ಪಾಳೆ ಬೀಳುತ್ತದೆ, ನೋಡು.

ವಯರು ಇರುವ ಹೆಡ್‌ಫೋನ್ ತಂದಿಟ್ಟಿದ್ದೇನೆ. ಮೇಡಂಗೆ ಬರುವ ಬುಧವಾರ ಎಂದು ಹೇಳಲೇ?

ಇಂತಿ,
ಅಪ್ಪ

•

ನರಸಿಂಹರಾಜಪುರ
8-5-2025

ದೇವು,

ನಿನ್ನ ಕಾಗದ ಬಂದ ದಿನ ಈ ಮನೆಯಲ್ಲಿ ಅನ್ನ ಬೇಯಲಿಲ್ಲ. ಮೈಕಿನ ವಿಷಯ ಓದಿದವಳೇ ಹೋಗಿ ಬೀರುವಿನ ಸಂದಿಯಲ್ಲಿ ಕೂತಳು. ಕಿವಿ ಮುಚ್ಚಿಕೊಂಡು ಒಂದೇ ಸಮನೆ ಹಿಂದೆ ಮುಂದೆ ತೂಗುತ್ತಿದ್ದಳು. ನಾನು ಮೊದಲು, "ಎಂತ ಆಯ್ತೇ, ಎದ್ದು ಬಾರೇ" ಎಂದು ಬಡಕೊಂಡೆ. ಅದರಿಂದ ಇನ್ನೂ ಹೆಚ್ಚಾಯಿತು. ಆಮೇಲೆ ಅವಳು ಬಂದ ದಿನವೇ ಗೋಡೆಗೆ ಅಂಟಿಸಿದ್ದ ಹಾಳೆ ನೆನಪಾಯಿತು. ಮೇಡಂ ಜೊತೆ ಕೂತು ಅವಳೇ ಬರೆದದ್ದು. ಮಾತಾಡಿಸಬೇಡಿ, ಕಿಟಕಿ ಪರದೆ ಎಳೆಯಿರಿ, ಹತ್ತಿರ ಇರಿ, ಮುಟ್ಟಬೇಡಿ. ಹಾಗೇ ಮಾಡಿದೆ. ಸೂಜಿ ಹಿಡಿದು ಸ್ವಲ್ಪ ದೂರದಲ್ಲಿ ಕೂತೆ. ಬಿಸಿಲು ಇಳಿದ ಮೇಲೆ ತಾನಾಗಿ ಎದ್ದು ಬಂದು ದಾರ ಪೋಣಿಸಿದಳು.

ನೀನು ಮೈಕಿನಲ್ಲಿ ಹೇಳುವ ಮಾತು ಯಾರದ್ದೋ? ಒಂದು ಸಲ ಅವಳ ಮಾತು ಬೀದಿಗೆ ಬಿದ್ದದ್ದು ನಿನ್ನ ಬಾಕ್ಸಿನಿಂದ. ಈಗ ನೀನೇ ಕೈಯಾರೆ ಇಡೀ ಮೈದಾನಕ್ಕೆ ಹಂಚುತ್ತೀಯ, ಮೇಲಿಂದ ಚಪ್ಪಾಳೆ ಬೇರೆ. ಅವಳಿಗೋ ಆ ಚಪ್ಪಾಳೆ?

ಎಳೆಯವನಿದ್ದಾಗ ಕಗ್ಗತ್ತಲಲ್ಲಿ ಮರ ಹತ್ತಿ ಹಾರ್ನ್ ಕಟ್ಟಿದವನು ನೀನು. ಹಗಲು ಹೊತ್ತಿನಲ್ಲಿ ಬೆರಳಿಗೆ ಸಿಗುವ ಸ್ವಿಚ್ ಕಾಣಲಿಲ್ಲವೇನೋ? ಇದನ್ನು ನಂಬಲು ನಾನೇನು ನಿನ್ನ ಗಿರಾಕಿಯಾ? ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ. ನೀನು ಎರಡು ಪುಟ ಬರೆದು ಅದೊಂದನ್ನೇ ಬಿಟ್ಟಿದ್ದೀಯ. ನಿನ್ನ ಕಾಗದ ಓದಿದರೂ ಕೂಗಿದ ಹಾಗೇ ಇರುತ್ತದೆ ಕಣೋ.

ಅವಳು ಮೇಡಂ ಹತ್ತಿರ ಕೂರುವುದಿಲ್ಲ ಎನ್ನುವುದು ಹಟಕ್ಕಲ್ಲ. ನಿನ್ನೆ ದಾರ ಕೊಡುತ್ತಾ ತಾನಾಗಿ ಹೇಳಿದಳು: "ಅತ್ತೆ, ಅಪ್ಪನ ಧ್ವನಿಗೆ ಹೆದರ್ತೀನಿ ಅಂತ ನಾನು ನಿಜ ಹೇಳ್ದೆ. ನಿಜ ಹೇಳಿದ್ದಕ್ಕೆ ಯಾರದೋ ಮಗು ಆದೆ. ಇನ್ನು ನಿಜ ಹೇಳೋದಾದ್ರೆ ಮೇಡಂ ಹತ್ರ ಕೂರ್ಬೇಕು, ಇಲ್ದಿದ್ರೆ ಕೂತು ಪ್ರಯೋಜನ ಇಲ್ಲ. ಈಗ ಹೇಳೋಕೆ ಆಗಲ್ಲ, ಅದಕ್ಕೇ ಕೂರಲ್ಲ." ನನ್ನ ಸೂಜಿ ಬೆರಳಿಗೆ ಹೋಯಿತು.

ಶಾಲೆ ಶುರುವಾಗಲು ದಿನ ಬಹಳ ಇಲ್ಲ. ಭಾನುವಾರ ಮೈಕ್ ಹಿಡಿದು ಬಾಯಿ ಬಿಟ್ಟೆಯೋ, ಇಲ್ಲಿಗೆ ಬರಬೇಡ.

ಸೀತಕ್ಕ

•

ಕೊಪ್ಪ
14-5-2025

ಅರ್ಪಣಾ,

ವಾಲಿಬಾಲ್ ಪಂದ್ಯದಲ್ಲಿ ಸ್ಕೋರು ಮಾತ್ರ ಹೇಳಿದೆ.

ನಿನ್ನ ಪ್ರಶ್ನೆಗೆ ಉತ್ತರ. ಸ್ವಿಚ್ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಬೆರಳು ಅದರ ಮೇಲೇ ಇತ್ತು. ಒತ್ತಿದರೆ, ಇವನು ಯಾಕೆ ಇಷ್ಟು ಅವಸರ ಮಾಡಿದ, ಇದು ಇವನ ಮನೆಯದೇ ಎಂದು ತಿಳಿಯುತ್ತದೆ. ಒತ್ತದಿದ್ದರೆ ಅದು ಬೇರೆಯವರದಾಗಿ ಉಳಿಯುತ್ತದೆ. ಈ ಲೆಕ್ಕವನ್ನು ನಾನು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಾಕಿದೆ. ಅಷ್ಟು ಬೇಗ ಹಾಕಲು ಬಂತಲ್ಲ ಎಂಬುದೇ ಈಗ ತಲೆ ಎತ್ತದ ಹಾಗೆ ಮಾಡಿದೆ. ನಾನು ಉಳಿಸಿದ್ದು ನಿನ್ನ ಗುಟ್ಟನ್ನಲ್ಲ, ನನ್ನ ಮುಖವನ್ನು.

ಅಮ್ಮನಿಗೆ ಹೇಳಿದೆ. ಅವಳು ಹಲಸಿನ ಬೀಜ ಸುಲಿಯುತ್ತಿದ್ದಳು. ಪೂರ್ತಿ ಕೇಳಿದಳು. "ಊರಿಗೆಲ್ಲ ಹೆಸರು ಕೂಗ್ತೀರಿ" ಎಂದಳು. ಅಷ್ಟೇ. ಆಮೇಲೆ ನನಗೆ ಊಟಕ್ಕೆ ಬಡಿಸಿ ತಾನು ಒಳಗೆ ಹೋದಳು. ಈಗಲೂ ಉಪ್ಪು ಬೇಕಾ, ನೀರು ಬೇಕಾ ಎಂಬಷ್ಟೇ ಮಾತು.

ನಿನ್ನೆ ಕಲ್ಲೇಶಪ್ಪನವರ ಅಂಗಡಿಗೆ ಹೋಗಿದ್ದೆ. ನಡೆದದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಅವರು ಬೆಲ್ಲ ತೂಗುತ್ತಿದ್ದರು.

"ಬಾ ದೇವರಾಜ. ಮೈಕಿನ ವಿಷಯಕ್ಕೆ ಬಂದಿದ್ರೆ ಅದು ಮುಗೀತು ಮಾರಾಯ. ಶೃಂಗೇರಿಯವ್ರು ಬರ್ತಾರೆ."

"ಮೈಕಿಗಲ್ಲ. ಅವತ್ತು ನಮ್ಮ ಬಾಕ್ಸಲ್ಲಿ ಬಂತಲ್ಲ, ಅದು ರೇಡಿಯೋ ಅಲ್ಲ. ಆ ಮೇಡಂ ಮಾತಾಡ್ತಿದ್ದದ್ದು ನನ್ನ ಮಗಳ ಹತ್ರ."

ಅವರು ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು" ಎಂದರು.

"ಯಾರು ಹೇಳಿದ್ರು?"

"ನಿನ್ನ ಬಾಕ್ಸೇ ಹೇಳ್ತಲ್ಲ! 'ಅರ್ಪಣಾ, ಇದ್ದೀಯಾ? ಅರ್ಪಣಾ, ಕೇಳಿಸ್ತಾ ಇದ್ಯಾ?' ಅಂತ ಆ ಮೇಡಮ್ಮು ಎಷ್ಟು ಸಲ ಕರೆದ್ರು! ಬಸ್ಸಿಗೆ ನಿಂತವ್ರಿಗೂ ಕೇಳ್ತು. ನಿಂಗೊಬ್ಬನಿಗೆ ಕೇಳಿಲ್ಲ."

"ಮತ್ತೆ ಆವಾಗ್ಲೇ ಯಾಕೆ ಹೇಳ್ಲಿಲ್ಲ?"

"ನೀನು ಅಷ್ಟು ಕಷ್ಟಪಟ್ಟು ರೇಡಿಯೋ ಕಥೆ ಕಟ್ತಿದ್ದೆ. ನಡುವೆ ಬಾಯಿ ಹಾಕಿ ನಿನ್ನ ಮರ್ಯಾದೆ ತೆಗೆಯೋದೆಂತಕ್ಕೆ ಅಂತ ನೆಲ ನೋಡ್ತಾ ನಿಂತೆ. ಬಸವೇಶನೂ ನೆಲಾನೇ ನೋಡ್ತಿದ್ದ."

ಮಗಳೇ, ಇಷ್ಟು ದಿನ ನಾನೇ ಎಲ್ಲರ ಕಣ್ಣಿಗೆ ಮಣ್ಣೆರಚಿದೆ ಎಂದುಕೊಂಡಿದ್ದೆ. ಅವರೆಲ್ಲ ಸೇರಿ ನನ್ನನ್ನು ಸಂಭಾಳಿಸುತ್ತಿದ್ದರು. ಆದರೂ ನಾನು ಹೊರಡದೆ ನಿಂತು, "ಮೈಕ್ ಯಾಕೆ ಬಿಡಿಸಿದ್ರಿ? ಹುಡುಗಿ ಹಿಂಗೆ ಅಂತಲಾ?" ಎಂದು ಕೇಳಿದೆ.

ಆವಾಗ ತಕ್ಕಡಿ ಕೆಳಗಿಟ್ಟರು. "ಛೆ! ಹುಡುಗಿಗೇನಾಗಿದೆ ಮಾರಾಯ, ಏನೋ ಹೆದರಿಕೆ, ಕಲೀತಾಳೆ. ಬೇಜಾರು ಮಾಡ್ಕೋಬೇಡ, ಕೇಳ್ದೆ ಅಂತ ಹೇಳ್ತೀನಿ. ನಾಮಕರಣದ ದಿನ ನನ್ನ ಮೊಮ್ಮಗಳ ಹೆಸರನ್ನ ಮೊದಲ ಸಲ ಊರಿಗೆ ಕೇಳೋ ಹಂಗೆ ಕರೆಯೋದು ನಿನ್ನ ಬಾಯಿ. ಸ್ವಂತ ಮಗಳನ್ನ ಯಾರದೋ ಅಂದ ಬಾಯಿ. ಯಾಕೋ ಮನಸ್ಸು ಒಪ್ಲಿಲ್ಲ."

ಮನೆಗೆ ಬೇಕಿಲ್ಲದ ಬೆಲ್ಲ ಕಟ್ಟಿಸಿಕೊಂಡು ಬಂದೆ.

ಬಸವೇಶನಿಗೆ ಬೈದದ್ದೂ ತಪ್ಪು. ಅವನಿಗೆ ಹೇಳಿದ್ದೇನೆ.

ಮೇಡಂ ಹತ್ತಿರ ಕೂರು ಎಂದು ನಾನು ಈಗ ಹೇಳುವುದಿಲ್ಲ. ನೀನು ಅತ್ತೆಯ ಹತ್ತಿರ ಹೇಳಿದ್ದು ನಿಜ. ನನ್ನ ಧ್ವನಿಗೆ ನಾನೇ ಬಾಕ್ಸ್ ಕಟ್ಟಿಕೊಂಡು ಓಡಾಡುವವನು.

ಅಪ್ಪ

•

ನರಸಿಂಹರಾಜಪುರ
20-5-2025

ಅಪ್ಪನಿಗೆ,

ಉತ್ತರ ಬಂತು. ನಾನು ಅಂದುಕೊಂಡದ್ದಕ್ಕಿಂತ ಕೆಟ್ಟದಾಗಿದೆ. ಆದರೆ ಉತ್ತರ. ಅದಕ್ಕೆ ಮೊದಲು ನಾನು ಬೇರೆ ಬೇರೆ ಉತ್ತರಗಳನ್ನು ನಾನೇ ಮಾಡಿಕೊಳ್ಳುತ್ತಿದ್ದೆ, ಈಗ ಒಂದೇ ಇದೆ. ಒಂದನ್ನು ಹೊರುವುದು ಸುಲಭ.

ಕಲ್ಲೇಶಪ್ಪನವರಿಗೆ ನಿಜ ಹೇಳಿದ್ದು ಸರಿ. ನನ್ನನ್ನು ಕೇಳದೆ ಹೇಳಿದ್ದು ಸರಿಯಲ್ಲ. ಅವರಿಗೆ ಮೊದಲೇ ಗೊತ್ತಿತ್ತು ಎಂಬುದು ನಿಮಗೆ ಗೊತ್ತಿರಲಿಲ್ಲ. ಸರಿ ಒಂದು, ತಪ್ಪು ಒಂದು. ಎರಡನ್ನೂ ಹೊಡೆದುಹಾಕಿ ಸೊನ್ನೆ ಎಂದು ಬರೆಯಬೇಡಿ. ಎರಡೂ ಇರಲಿ.

ಮೇಡಂಗೆ ಅತ್ತೆಯ ಫೋನಿನಿಂದ ಮೆಸೇಜ್ ಹಾಕಿದ್ದೇನೆ. ಬುಧವಾರ 28ಕ್ಕೆ ಕೂರುತ್ತೇನೆ. ಕೊನೆಯ ಹತ್ತು ನಿಮಿಷ ಅಪ್ಪ ಅಮ್ಮಂದಿರದ್ದು ಎಂದು ಮೇಡಂ ಯಾವಾಗಲೂ ಇಡುತ್ತಾರೆ. ಆ ಹತ್ತು ನಿಮಿಷಕ್ಕೆ ಇದುವರೆಗೆ ಅಮ್ಮ ಮಾತ್ರ ಬಂದಿದ್ದಾಳೆ. ನೀವು ಪ್ರತಿ ಸಲವೂ "ಫಂಕ್ಷನ್ ಇದೆ" ಎನ್ನುತ್ತಿದ್ದಿರಿ. ಫಂಕ್ಷನ್ ಇಲ್ಲದಿದ್ದರೆ ಇಲ್ಲಿಗೆ ಬನ್ನಿ.

ವಯರಿನ ಹೆಡ್‌ಫೋನ್ ತನ್ನಿ. ಗಾಡಿಯ ಹಾರ್ನ್ ಹೊಡೆಯಬೇಡಿ. ಬಾಗಿಲಲ್ಲಿ ಕರೆಯಬೇಡಿ, ಕಾಯುತ್ತಿರುತ್ತೇನೆ. ನಾನು ಮಾತಾಡುವವರೆಗೆ ಮಾತಾಡಬೇಡಿ. ಇದು ನಿಮಗೆ ಕಷ್ಟ ಎಂದು ಗೊತ್ತು. ಅದಕ್ಕೆ ಕೈಗೆ ಕೆಲಸ ಇರಲಿ. ಪಂದ್ಯದ ದಿನ ಎಳೆದಾಡಿದ ಮೈಕ್ ವಯರು ಗಂಟಾಗಿರುತ್ತದೆ, ಬಸವೇಶಣ್ಣ ಅದನ್ನು ಯಾವಾಗಲೂ ಮೊಣಕೈಗೆ ಸುತ್ತಿ ಹಾಳು ಮಾಡುತ್ತಾನೆ. ಅದನ್ನು ತನ್ನಿ, ಗಂಟು ಬಿಡಿಸಿ ಸರಿಯಾಗಿ ಸುತ್ತಿ. ಒಂದು ಸುತ್ತು ಮೇಲಿನಿಂದ, ಒಂದು ಸುತ್ತು ಒಳಗಿನಿಂದ. ಚಿಕ್ಕವಳಿದ್ದಾಗ ನೀವೇ ಕಲಿಸಿದ್ದು. ಅದನ್ನು ಕಲಿಸುವಾಗ ನೀವು ಮಾತಾಡುತ್ತಿರಲಿಲ್ಲ. ಬಾಯಲ್ಲಿ ಇನ್ಸುಲೇಶನ್ ಟೇಪು ಕಚ್ಚಿಕೊಂಡಿರುತ್ತಿದ್ದಿರಿ.

ಅರ್ಪಣಾ

•

ನರಸಿಂಹರಾಜಪುರ
30-5-2025

ಅಪ್ಪನಿಗೆ,

ಮೇಡಂ ಹೇಳಿದ ಹಾಗೆ ನಂಬರುಗಳನ್ನು ಬರೆದಿಟ್ಟಿದ್ದೇನೆ. ನಿಮಗೂ ಬರೆಯುತ್ತೇನೆ. ನಿಮ್ಮ ಗಾಡಿ ತಿರುವಿನಲ್ಲಿ ಕಂಡಾಗ ಗುಂಡಿ ಎಂಟು. ನೀವು ಬಾಗಿಲಲ್ಲಿ ಮಾತಾಡದೆ ನಿಂತಾಗ ಏಳು. ವಯರು ಬಿಡಿಸುವಾಗ ಐದು. ಹೋಗುವಾಗ ನಾಲ್ಕು. ಸೊನ್ನೆ ಎಂದು ಬರೆದರೆ ನಿಮಗೆ ಖುಷಿಯಾಗುತ್ತದೆ. ಆದರೆ ಸುಳ್ಳಾಗುತ್ತದೆ.

ನೀವು ಬಾಯಲ್ಲಿ ಟೇಪು ಕಚ್ಚಿಕೊಂಡು ಬಂದದ್ದನ್ನು ನೋಡಿ ಅತ್ತೆ ಅಡುಗೆ ಮನೆಗೆ ಹೋಗಿ ನಕ್ಕರು. ನಾನು ಆಮೇಲೆ ನಕ್ಕೆ, ನೀವು ಹೋದ ಮೇಲೆ.

ಶಾಲೆಯ ವಿಷಯ. ಹತ್ತನೇ ತರಗತಿ ಇಲ್ಲೇ ಓದುತ್ತೇನೆ. ಮೊದಲ ವಾರಗಳಲ್ಲಿ ಪ್ರಾರ್ಥನೆ ಮುಗಿದ ಮೇಲೆ ಒಳಗೆ ಹೋಗುವುದು, ಬೆಲ್ಲಿನಿಂದ ದೂರದ ಬೆಂಚು. ಹೆಡ್‌ಮಾಸ್ಟರರಿಗೆ ಮೇಡಂ ಪತ್ರ ಕೊಡುತ್ತಾರೆ. ಅದರಲ್ಲಿ ಏನೇನು ಇರಬೇಕು ಎಂದು ನನ್ನನ್ನು ಕೇಳಿಯೇ ಬರೆಯುತ್ತಾರಂತೆ. ಕೊಪ್ಪಕ್ಕೆ ಯಾವಾಗ ಬರುತ್ತೇನೆ ಎಂದು ಈಗ ಹೇಳಲಾಗುವುದಿಲ್ಲ. ಅಮ್ಮ ಶನಿವಾರ ಬರುತ್ತಾಳೆ. ಬುಧವಾರಗಳು ಇರುತ್ತವೆ.

ಒಂದು ಪ್ರಶ್ನೆ ಉಳಿದಿದೆ.

ಕೊನೆಯ ಹತ್ತು ನಿಮಿಷ ಬಂದಾಗ ನಾನು ಹೆಡ್‌ಫೋನ್ ತೆಗೆದೆ. ಮೇಡಂ ಮಾತು ಎಲ್ಲರಿಗೂ ಕೇಳಿಸಿತು. "ಅರ್ಪಣಾ, ಪಕ್ಕದಲ್ಲಿ ಯಾರಿದ್ದಾರೆ?" ಎಂದು ಕೇಳಿದರು. ಕಿಟಕಿ ತೆರೆದಿತ್ತು. ಅಂಗಳದಲ್ಲಿ ಪಕ್ಕದ ಮನೆಯ ಪವಿತ್ರಕ್ಕ ಹಪ್ಪಳ ಒಣಗಿಸುತ್ತಿದ್ದರು. ನೀವು ಉತ್ತರ ಕೊಡುವ ಮೊದಲು ಎದ್ದು ಕಿಟಕಿಗೆ ಹೋದಿರಿ. ಚಿಲಕದ ಮೇಲೆ ಕೈ ಇಟ್ಟಿರಿ. ಆಮೇಲೆ ತಿರುಗಿ ನನ್ನನ್ನು ನೋಡಿ "ಮುಚ್ಲಾ?" ಎಂದಿರಿ. ನಾನು ಹೂಂ ಎಂದೆ, ಏಕೆಂದರೆ ಅದು ನನ್ನ ಮಾತು, ಹಪ್ಪಳ ಒಣಗಿಸುವವರದ್ದಲ್ಲ. ನೀವು ಮುಚ್ಚಿ, ಬಂದು ಕೂತು, ಸಣ್ಣ ಧ್ವನಿಯಲ್ಲಿ, "ನಾನು ಅರ್ಪಣಾಳ ಅಪ್ಪ" ಎಂದಿರಿ.

ಕೇಳಿದ್ದು ಸರಿ. ಸಣ್ಣ ಧ್ವನಿಯೂ ಸರಿ. ಆದರೆ ಮೊದಲು ಎದ್ದಿರಲ್ಲ, ಅದು ಯಾರಿಗಾಗಿ?

ಅರ್ಪಣಾ

•

ಕೊಪ್ಪ
4-6-2025

ಅರ್ಪಣಾ,

ಇದು ಕವರಿಲ್ಲದ ಬರಿಯ ಕಾರ್ಡು. ಇಲ್ಲಿನ ಪೋಸ್ಟಿನವರು ಓದುತ್ತಾರೆ, ಅಲ್ಲಿನ ಪೋಸ್ಟಿನವರು ಓದುತ್ತಾರೆ, ಪವಿತ್ರಕ್ಕ ಈಸಿಕೊಂಡರೆ ಅವರೂ ಓದಿಯಾರು. ನಿನ್ನ ವಿಷಯ ಇದರಲ್ಲಿ ಬರೆದಿಲ್ಲ. ಅದು ನಿನ್ನದು. ನನ್ನದು ಬರೆದಿದ್ದೇನೆ.

ಕಿಟಕಿ ಮುಚ್ಚಲು ಎದ್ದದ್ದು ನನಗಾಗಿ. ಚಿಲಕ ಕೈಗೆ ತಾಗಿದ ಮೇಲೆ ನೀನು ನೆನಪಾದೆ. ಆಮೇಲೆ ಕೇಳಿದೆ.

ಅರ್ಪಣಾಳ ಅಪ್ಪ,
ದೇವರಾಜ